ಗುಡ್ಡಜ್ಜ ಕಡಲಿಗೆ ಇಳಿದು ಬಂದ ಬಗೆ

ಲೋಕ ಇನ್ನೂ ಹೊಸದಾಗಿದ್ದ ಕಾಲದಲ್ಲಿ ಯಾವುದಕ್ಕೂ ಸವೆದ ಅಂಚು ಇರಲಿಲ್ಲ. ಕಲ್ಲೆಂದರೆ ಕತ್ತಿಯ ಬಾಯಿ. ಗುಡ್ಡವೆಂದರೆ ನೆಟ್ಟಗೆ ನಿಂತ ಗೋಡೆ. ಹೊಳೆಯಲ್ಲಿ ಹಗಲೆಲ್ಲ ಹುಡುಕಿದರೂ ಒಂದೇ ಒಂದು ಉರುಟು ಕಲ್ಲು ಸಿಗುತ್ತಿರಲಿಲ್ಲ. ಮರಳು ಅನ್ನುವ ಮಾತೇ ಹುಟ್ಟಿರಲಿಲ್ಲ, ಯಾಕೆಂದರೆ ಮರಳೇ ಹುಟ್ಟಿರಲಿಲ್ಲ.

ಆಗ ಪಡುವಣ ಕಡಲಿನ ಅಂಚಿಗೆ ಒಂದು ದೊಡ್ಡ ಗುಡ್ಡ ನಿಂತಿತ್ತು. ಅಂಚಿಗೆ ಅಂದರೆ ಅಂಚಿಗೇ. ಮೇಲಿನಿಂದ ಕೆಳಗಿನ ತನಕ ಬರೀ ಕಪ್ಪು ಬಂಡೆ, ಬಂಡೆ ಮುಗಿದಲ್ಲಿ ನೀರು. ನಡುವೆ ಅಂಗೈಯಗಲ ನೆಲವೂ ಇರಲಿಲ್ಲ. ಎಲ್ಲರೂ ಅದನ್ನು ಗುಡ್ಡಜ್ಜ ಎಂದು ಕರೆಯುತ್ತಿದ್ದರು.

ಆ ಬಂಡೆಯ ನಡುಮಧ್ಯದಲ್ಲಿ, ನೀರಿಗಿಂತ ಎಷ್ಟೋ ಮೇಲೆ, ಒಂದು ಇಕ್ಕಟ್ಟಾದ ಕಲ್ಲಿನ ಜಗಲಿ ಇತ್ತು. ಅಲ್ಲಿ ಹನುಮಿ ಎಂಬ ಹೆಂಗಸು ತನ್ನ ಅತ್ತೆ ಸಾತಮ್ಮನ ಜೊತೆ ಇದ್ದಳು. ಅಕ್ಕಪಕ್ಕದ ಕಲ್ಲಿನ ಜಗಲಿಗಳಲ್ಲಿ ಬೇರೆ ಮನೆಯವರಿದ್ದರು. ಗುಡ್ಡದ ಸಂದುಗಳಲ್ಲಿ ಬೊಗಸೆ ಬೊಗಸೆ ಬತ್ತ ಬೆಳೆದು, ಕುಟ್ಟಿ, ಕೇರಿ, ಅಕ್ಕಿ ಮಾಡಿಕೊಳ್ಳುತ್ತಿದ್ದರು. ಗಂಡಸರು ಕೆಳಗೆ ದೋಣಿಯಲ್ಲಿ ಮೀನು ಹಿಡಿಯುತ್ತಿದ್ದರು. ಮೀನಿನ ಬುಟ್ಟಿ ಬಳ್ಳಿ ಹಗ್ಗದಲ್ಲಿ ಮೇಲೆ ಬರುತ್ತಿತ್ತು, ಅನ್ನದ ಬುಟ್ಟಿ ಕೆಳಗೆ ಹೋಗುತ್ತಿತ್ತು. ಕಡಲು ಸುಮ್ಮನಿದ್ದ ದಿನ ಗಂಡಸರೂ ಅದೇ ಬಳ್ಳಿ ಹಿಡಿದು ಮನೆಗೆ ಹತ್ತಿ ಬರುತ್ತಿದ್ದರು.

ಹನುಮಿಯ ಗಂಡ ಜಟ್ಟಿ ಮಾತ್ರ ಹತ್ತುತ್ತಿರಲಿಲ್ಲ. ಹನುಮಿ ಬಸುರಿಯಾಗಿದ್ದಾಗ ಒಮ್ಮೆ ಬಳ್ಳಿ ಹಿಡಿದು ಹತ್ತುತ್ತಿದ್ದವನನ್ನು ಅಲೆಯೊಂದು ಎತ್ತಿ ಬಂಡೆಗೆ ಬಡಿದಿತ್ತು. ಅಂದಿನಿಂದ ಅವನ ಬಲಗಾಲಿಗೆ ಶಕ್ತಿ ಇರಲಿಲ್ಲ. ಅವನು ದೋಣಿಯಲ್ಲೇ ಉಂಡು, ದೋಣಿಯಲ್ಲೇ ಮಲಗಿ, ಮೇಲೆ ನೋಡುತ್ತಾ ದಿನ ಕಳೆಯುತ್ತಿದ್ದ.

ಮೇಲೆ ನೋಡಲು ಕಾರಣವೂ ಇತ್ತು. ಅಲ್ಲಿ ಅವನ ಮಗಳು ಚೆನ್ನಿ ಹುಟ್ಟಿದ್ದಳು. ದಿನಾ ಬೆಳಗ್ಗೆ ಹನುಮಿ ಜಗಲಿಯ ತುದಿಗೆ ಬಂದು ಮಗುವನ್ನು ಎರಡೂ ಕೈಯಲ್ಲಿ ಎತ್ತಿ ತೋರಿಸುತ್ತಿದ್ದಳು. ಕೆಳಗೆ ಜಟ್ಟಿ ದೋಣಿಯ ಹುಟ್ಟನ್ನು ಎತ್ತಿ ಆಡಿಸುತ್ತಿದ್ದ. ಮಗಳನ್ನು ಅವನು ನೋಡಿದ್ದು ಅಷ್ಟೇ. ಮುಟ್ಟಿರಲಿಲ್ಲ.

‘ಮಗುವನ್ನು ಬುಟ್ಟಿಯಲ್ಲಿ ಇಳಿಸಬಹುದಿತ್ತಲ್ಲ’ ಎಂದು ಕೇಳುತ್ತೀರಿ, ಗೊತ್ತು. ಕಡಲು ಸುಮ್ಮನಿದ್ದಂತೆ ಕಂಡ ದಿನವೂ ಒಮ್ಮೊಮ್ಮೆ ಅಲೆ ಎದ್ದು ಬುಟ್ಟಿಯನ್ನೂ ಬಂಡೆಗೆ ಬಡಿಯುತ್ತಿತ್ತು. ಎಷ್ಟೋ ಸಲ ಅನ್ನವೇ ನೀರುಪಾಲಾಗಿದೆ. ಅನ್ನ ಹೋದರೆ ಇನ್ನೊಮ್ಮೆ ಬೇಯಿಸಬಹುದು.

ಇನ್ನೊಂದು ವಿಷಯ ಹೇಳಬೇಕು. ಆಗಿನ ಕಾಲದಲ್ಲಿ ಮಕ್ಕಳು ತಮ್ಮದೇ ಮನೆಯ ಸಮನೆಲದ ಮೇಲೆ ಕಾಲಿಡುವ ತನಕ ದೊಡ್ಡವರಾಗುತ್ತಿರಲಿಲ್ಲ. ಬೇರೆ ಜಗಲಿಗಳು ಹೇಗೋ ಒಂದು ಮಗು ಅಂಬೆಗಾಲಿಡುವಷ್ಟು ಸಮವಾಗಿದ್ದವು. ಹನುಮಿಯ ಜಗಲಿ ಕಡಲಿನ ಕಡೆಗೆ ವಾಲಿತ್ತು. ಚೆನ್ನಿಯನ್ನು ಕೆಳಗಿಟ್ಟರೆ ಉರುಳುತ್ತಿದ್ದಳು. ಹಾಗಾಗಿ ಅವಳು ಸದಾ ಅಮ್ಮನ ಬೆನ್ನಿಗೆ ಸೀರೆಯಲ್ಲಿ ಕಟ್ಟಿಸಿಕೊಂಡೇ ಇರುತ್ತಿದ್ದಳು. ಎಷ್ಟು ಮಳೆಗಾಲ ಕಳೆದರೂ ಮಾತಿಲ್ಲ, ನಡಿಗೆಯಿಲ್ಲ, ಹಾಗೇ ಹಸುಗೂಸು. ಕಾಯುತ್ತಾ ಕೂತವರಿಗೆ ಆಗ ಮುಪ್ಪೂ ಬರುತ್ತಿರಲಿಲ್ಲ. ಜಟ್ಟಿ, ಹನುಮಿ, ಸಾತಮ್ಮ ಮೂವರೂ ಇದ್ದಲ್ಲೇ ಇದ್ದರು.

ಹನುಮಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಬಂಡೆಗೂ ನೀರಿಗೂ ನಡುವೆ ಒಂದಿಷ್ಟು ಮೆತ್ತನೆಯ ನೆಲ. ಜಟ್ಟಿ ದೋಣಿ ಎಳೆದು ನಿಲ್ಲಿಸುವಷ್ಟು, ಚೆನ್ನಿ ಅಪ್ಪನ ತನಕ ನಡೆಯುವಷ್ಟು.

ಒಂದು ದಿನ ಅವಳು ಜಗಲಿಯ ತುದಿಯಲ್ಲಿ ನಿಂತು ಕಡಲನ್ನೇ ಕೇಳಿದಳು. “ಕಡಲಣ್ಣ, ಈ ಬಂಡೆ ಒಡೆದು ನಂಗೆ ಸ್ವಲ್ಪ ನೆಲ ಮಾಡಿ ಕೊಡೂಕೆ ಆಗ್ತದಾ?”

ಕಡಲಣ್ಣನಿಗೆ ಯಾರಾದರೂ ಕೆಲಸ ಹೇಳಿದರೆ ಸಾಕು. ಮೈಯಲ್ಲಿ ಅಷ್ಟು ಕಸುವು, ಮಾಡಲು ಏನೂ ಇಲ್ಲ. “ಅಷ್ಟೇಯಾ? ನಾಳೆ ಒಳಗೆ ಆಯ್ತು ಅಂದ್ಕ” ಎಂದವನೇ ಬಂಡೆಗೆ ಹೊಡೆಯಲು ಶುರು ಮಾಡಿದ.

ಹೊಡೆದ ಹೊಡೆತಕ್ಕೆ ಇಡೀ ಗುಡ್ಡ ನಡುಗಿತು. ಗುಡ್ಡದ ಬುಡದಲ್ಲಿ ಗವಿಗಳಾದವು. ಒಂದು ಕಡೆ ಬಂಡೆ ತೂತಾಗಿ ಕಮಾನಿನಂತೆ ನಿಂತಿತು. ಇನ್ನೊಂದು ಕಡೆ ಕಮಾನು ಮುರಿದು, ಒಂಟಿ ಕಂಬವೊಂದು ನೀರಿನಲ್ಲೇ ಉಳಿಯಿತು. ನೋಡಲು ಚೆಂದವೇ ಇತ್ತು, ಇಲ್ಲವೆನ್ನಲಾಗದು. ಆದರೆ ನೆಲ ಆಗಲಿಲ್ಲ. ಮನೆ ಗಾತ್ರದ ಚೂಪು ಕಲ್ಲುಗಳು ಧಡಾಲನೆ ನೀರಿಗೆ ಬಿದ್ದವು. ಅದರಲ್ಲೊಂದು ಜಟ್ಟಿಯ ದೋಣಿಗೆ ತಾಗಿ ಪಕ್ಕದ ಹಲಗೆ ಸೀಳಿತು. ಅವನು ಅಂಗಿ ತುರುಕಿ ನೀರು ತಡೆದು ಹೇಗೋ ಪಾರಾದ.

ಹನುಮಿ ಬಾಯಿಗೆ ಸೆರಗು ಒತ್ತಿಕೊಂಡು ನಿಂತುಬಿಟ್ಟಳು. “ಅಣ್ಣಾ, ಸಾಕು ನಿಲ್ಸು” ಎಂದು ಅವಳು ಕೂಗಿದ್ದು ಕೇಳಿ ಕಡಲು ನಿಂತ. “ಎಂತಾ ಆಯ್ತು? ಚಂದ ಆಗ್ತಿತ್ತಲ್ಲ” ಎಂದ, ಪಾಪ.

ಸಾತಮ್ಮ ಜಗಲಿಯ ಮೂಲೆಯಲ್ಲಿ ಬತ್ತ ಕುಟ್ಟುತ್ತಿದ್ದವಳು ಒನಕೆ ಗೋಡೆಗೆ ಒರಗಿಸಿ ಎದ್ದು ಬಂದಳು. ಅತ್ತೆಯ ಬಾಯಿ ಸ್ವಲ್ಪ ಜೋರು, ಮನಸ್ಸು ಮೆದು.

“ಅಲ್ಲ ಹನುಮಿ, ಬತ್ತದಿಂದ ಅನ್ನ ಆಗೂಕೆ ಎಷ್ಟು ಕೆಲಸ ಉಂಟು? ಒಣಗ್ಸೂದು, ಕುಟ್ಟೂದು, ಕೇರೂದು, ತೊಳೂದು, ಬೇಯ್ಸೂದು. ಎಲ್ಲಾ ಬಿಟ್ಟು ಬರೀ ಒನಕೆ ಹಿಡ್ದು ಬಡದ್ರೆ ಎಂತಾ ಸಿಗ್ತದೆ? ನುಚ್ಚು. ಇದು ಒಬ್ಬನ ಕೈಲಿ ಆಗೂ ಕೆಲ್ಸ ಅಲ್ಲ. ಮುಯ್ಯಾಳು ಕರಿ.”

ಮುಯ್ಯಾಳು ಎಂದರೆ ಗೊತ್ತಲ್ಲ? ಒಬ್ಬರ ಮನೆಯ ದೊಡ್ಡ ಕೆಲಸಕ್ಕೆ ಎಲ್ಲರೂ ಕೈ ಜೋಡಿಸುವುದು. ಇವತ್ತು ನಿನ್ನ ಮನೆಗೆ ನಾನು, ನಾಳೆ ನನ್ನ ಮನೆಗೆ ನೀನು. ಕೂಲಿ ಇಲ್ಲ. ಕರೆದರೆ ಬರಬೇಕು, ಅಷ್ಟೇ.

“ಮತ್ತೆ ಕ್ರಮ ಮರೀಬೇಡ” ಎಂದಳು ಸಾತಮ್ಮ. “ಕೆಲ್ಸ ಮುಗ್ದಾಗ ಮನೆ ಹೆಂಗ್ಸು ತಂಬಿಗೆ ಹಿಡ್ಕಂಡು ಬಂದು, ಎಲ್ಲರ ಕೈಗೂ ನೀರು ಹಾಕಿ, ‘ಸಾಕು, ಕೈ ತೊಳೀರಿ’ ಅನ್ನಬೇಕು. ಹಾಗೆ ಹೇಳೂ ತನಕ ಮುಯ್ಯಾಳು ಕೆಲಸ ಬಿಟ್ಟು ಏಳೂದಿಲ್ಲ. ಎದ್ರೆ ಅವ್ರಿಗೆ ಮರ್ಯಾದೆ ಅಲ್ಲ, ಹೇಳದಿದ್ರೆ ನಮಗೆ ಮರ್ಯಾದೆ ಅಲ್ಲ.”

ಹನುಮಿ ತಲೆಯಾಡಿಸಿದಳು. ಆದರೆ ಮುಯ್ಯಾಳು ಕರೆಯುವ ಮೊದಲು ಇನ್ನೊಂದು ಕೆಲಸವಿತ್ತು. ಯಾರ ಮೈಯನ್ನು ಒಡೆಯಬೇಕೋ ಅವರನ್ನೇ ಅವಳು ಕೇಳಿರಲಿಲ್ಲ.

ಚೆನ್ನಿಯನ್ನು ಬೆನ್ನಿಗೆ ಕಟ್ಟಿ, ಸಂದಿಗೆ ಕೈ ಹಾಕಿ, ಬೇರು ಹಿಡಿದು, ಹನುಮಿ ಗುಡ್ಡದ ನೆತ್ತಿಗೆ ಹತ್ತಿದಳು. ಅಲ್ಲಿ ಬಿಸಿಲು ಕಾದ ಕಾವಲಿಯಂತೆ ಸುಡುತ್ತಿತ್ತು. ಒಂದು ಹುಲ್ಲುಕಡ್ಡಿಯೂ ಇರಲಿಲ್ಲ.

“ಬಂದ್ಯಾ?” ಎಂದ ಗುಡ್ಡಜ್ಜ. ಅವನ ದನಿ ಎಲ್ಲೋ ಆಳದಿಂದ ಬರುತ್ತಿತ್ತು. “ನನ್ನ ಕೇಳ್ದೆ ನನ್ನ ಕಾಲು ಕಡಿಸಿದ್ಯಲ್ಲ ಮಗಾ.”

ಹನುಮಿ ಬಂಡೆಗೆ ಹಣೆ ಮುಟ್ಟಿಸಿದಳು. “ತಪ್ಪಾಯ್ತು ಅಜ್ಜ. ಈ ಕೂಸಿಗೆ ಅಪ್ಪನ ಹತ್ರ ಹೋಗೂಕೆ ದಾರಿ ಇಲ್ಲ. ಅದ್ಕೆ ತಲೆ ಕೆಟ್ಟು ಕಡಲಣ್ಣಂಗೆ ಹೇಳ್ದೆ.”

ಗುಡ್ಡಜ್ಜ ಅಲ್ಲಿಯ ತನಕ ಯಾರಿಗೂ ಹೇಳದ ಒಂದು ಮಾತು ಹೇಳಿದ.

“ನಾನು ಹುಟ್ಟಿದಾಗಿಂದ ಆ ಕಡಲಿನ ಸದ್ದು ಕೇಳ್ತಾ ಇದ್ದೆ. ಇಲ್ಲಿ ನೆತ್ತಿ ಸುಡ್ತದೆ. ಒಂದೇ ಒಂದ್ಸಲ ಆ ತಂಪು ನೀರಲ್ಲಿ ಕಾಲು ಚಾಚಿ ಕೂರಬೇಕು ಅಂತ ಆಸೆ. ಆದ್ರೆ ನಂಗೆ ಬಗ್ಗೂಕೆ ಬರೂದಿಲ್ಲ. ನಿಂತಲ್ಲೇ ನಿಂತದ್ದೇ ಬಂತು.”

ಹನುಮಿಗೆ ಅಯ್ಯೋ ಅನ್ನಿಸಿತು. ಇಷ್ಟು ದೊಡ್ಡವನಿಗೂ ಒಂದು ಸಣ್ಣ ಆಸೆ, ಅದೂ ಕಣ್ಣೆದುರೇ ಇರುವ ನೀರಿನದು. ತನಗೂ ಅವನಿಗೂ ಬೇಕಾದದ್ದು ಒಂದೇ ಎಂದು ಅವಳಿಗೆ ಹೊಳೆಯಿತು.

“ಇಡೀ ಇಳಿಯೂಕೆ ಆಗದಿದ್ರೆ ಸ್ವಲ್ಪ ಸ್ವಲ್ಪ ಇಳಿ ಅಜ್ಜ. ನಾನೂ ಬತ್ತದ ರಾಶಿ ಹೊತ್ಕಂಡು ಇಳಿಯೂದಿಲ್ಲ. ಬುಟ್ಟಿ ಬುಟ್ಟಿ ಇಳಿಸ್ತೆ.”

“ನೋವಾಗ್ತದಾ?” ಎಂದು ಗುಡ್ಡಜ್ಜ ಕೇಳಿದ.

ಹನುಮಿ ಸುಳ್ಳು ಹೇಳಲಿಲ್ಲ. “ಆಗ್ತದೆ ಅಜ್ಜ. ಬತ್ತಕ್ಕೂ ಆಗ್ತದೆ ಕಾಣ್ತದೆ, ಅಕ್ಕಿ ಆಗೂವಾಗ.”

ಗುಡ್ಡಜ್ಜ ನಕ್ಕ. ಆ ನಗೆಗೆ ನೆತ್ತಿಯಿಂದ ಒಂದು ಚಕ್ಕೆ ಕಳಚಿ ಹನುಮಿಯ ಕಾಲಬಳಿ ಬಿತ್ತು. “ತಗ, ಮೊದಲನೇ ಬುಟ್ಟಿ” ಎಂದ. ಹನುಮಿ ಅದನ್ನು ಮಡಿಲಲ್ಲಿ ಕಟ್ಟಿಕೊಂಡಳು.

ಅಲ್ಲೇ ನೆತ್ತಿಯ ಮೇಲೆ ನಿಂತು ಅವಳು ಮುಯ್ಯಾಳು ಕರೆದಳು.

“ಬಿಸಿಲಣ್ಣ, ಬಾ. ಮಳೆಯಕ್ಕ, ಬಾ. ಹೊಳೆ ತಂಗಿ, ಬಾರೇ. ಗಾಳಿಭಾವ, ಎಲ್ಲಿ ತಿರುಗ್ತಾ ಇದ್ದೀಯೋ ಏನೋ, ನೀನೂ ಬಾ. ನಮ್ಮನೆ ಕೆಲಸ ಉಂಟು. ನೀವು ಕರೆದ ದಿನ ನಾನೂ ಬರ್ತೆ, ನನ್ನ ಮಕ್ಕಳು ಮರಿಮಕ್ಕಳೂ ಬರ್ತಾರೆ.”

ಒಬ್ಬಳು ಬಾಕಿ ಉಳಿದಳು. ಬಡಗಣ ದಿಕ್ಕಿನಲ್ಲಿ ಹಿಮದಜ್ಜಿ ಇದ್ದಾಳೆ, ಕಲ್ಲು ಅರೆಯುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ ಎಂದು ಹನುಮಿ ಕೇಳಿದ್ದಳು. ಅಷ್ಟು ದೂರ ದನಿ ಮುಟ್ಟುವುದು ಹೇಗೆ? ಅದೇ ಹೊತ್ತಿಗೆ ಕಡಲಕ್ಕಿಗಳ ಹಿಂಡೊಂದು ಚಳಿಗಾಲ ಮುಗಿಸಿ ಬಡಗಣಕ್ಕೆ ಹೊರಟಿತ್ತು.

“ನಾವು ಮೊಟ್ಟೆಯಿಡೂದು ಅವಳ ಹಿತ್ತಲಲ್ಲೇ” ಎಂದವು ಹಕ್ಕಿಗಳು. “ಎಂತಾ ಹೇಳಬೇಕು?”

“ದಾರಿಗೆ ಅಡ್ಡ ನಿಂತ ದೊಡ್ಡ ಗುಡ್ಡ ಅರೆಯೂಕೆ ಉಂಟು, ಬರಬೇಕಂತೆ ಅಂತ ಹೇಳಿ.” ಹಕ್ಕಿಗಳು ಹಾರಿ ಹೋದವು.

ಮರುದಿನದಿಂದ ಕೆಲಸ ಶುರುವಾಯಿತು. ಅಂಥ ಕೆಲಸವನ್ನು ಹನುಮಿ ಹಿಂದೆ ನೋಡಿರಲಿಲ್ಲ, ಮುಂದೆ ಯಾರೂ ಅಷ್ಟು ಹತ್ತಿರದಿಂದ ನೋಡಲಿಲ್ಲ.

ಮೊದಲ ಕೈ ಬಿಸಿಲಣ್ಣನದು. ಅವನು ಹಗಲೆಲ್ಲ ಬಂಡೆಯನ್ನು ಹುರಿದ. ಸಂಜೆಯ ತಂಪು ಬಂದು ಆರಿಸಿತು. ಮತ್ತೆ ಹುರಿದ, ಮತ್ತೆ ಆರಿತು. ಹುರಿದ ಕಡಲೆ ಸಿಪ್ಪೆ ಬಿಡುವ ಹಾಗೆ ಬಂಡೆ ಪದರ ಪದರವಾಗಿ ಬಿಟ್ಟುಕೊಂಡಿತು. ಚೂಪಾಗಿದ್ದ ಮೂಲೆಗಳು ಮೊದಲು ಹೋದವು. ಗುಡ್ಡಜ್ಜನ ಭುಜ ದುಂಡಗಾಯಿತು.

ಆಮೇಲೆ ಮಳೆಯಕ್ಕ ಬಂದಳು. ಸೆರಗು ಸಿಕ್ಕಿಸಿಕೊಂಡೇ ಬಂದಳು. ಬಿರುಕುಗಳಿಗೆಲ್ಲ ನೀರು ತುಂಬಿ ಬಂಡೆಯನ್ನು ನೆನೆಹಾಕಿದಳು. “ನೆಂದ್ರೆ ಎಲ್ಲಾ ಮೆದು ಆಗ್ತದೆ, ಅವಸರ ಮಾಡಬಾರದು” ಎಂದು ದಿನಗಟ್ಟಲೆ ಸುರಿದಳು. ಹಾಗೆ ನೆಂದು ನೆಂದು ಕಪ್ಪು ಕಲ್ಲು ಕೆಂಪಾಯಿತು, ಕೆಲವು ಕಡೆ ತೂತು ತೂತಾಯಿತು, ಕೆಲವು ಕಡೆ ಹಿಡಿದರೆ ಪುಡಿಯಾಗುವ ಮಣ್ಣಾಯಿತು. ಕರಾವಳಿಯವರು ಮನೆ ಕಟ್ಟುವ ಕೆಂಪು ಚಿರೆಕಲ್ಲು ಹುಟ್ಟಿದ್ದು ಆಗಲೇ.

ಕರೆಯದೆ ಬಂದವರೂ ಇದ್ದರು. ಯಾವುದೋ ಹಕ್ಕಿ ಉದುರಿಸಿದ ಬಸರಿ ಮರದ ಬೀಜವೊಂದು ಬಿರುಕಿನೊಳಗೆ ಕಣ್ಣು ಬಿಟ್ಟಿತು. ನೂಲಿನಷ್ಟು ಸಪೂರದ ಬೇರು, ಎಳೆ ಮಗುವಿನ ಬೆರಳಿಗಿಂತ ಮೆದು. ಅದು ಸದ್ದಿಲ್ಲದೆ ಒಳಗೆ ಹೋಗಿ, ದಪ್ಪವಾಗಿ, ಕಡಲಣ್ಣ ಅಷ್ಟು ಹೊಡೆದರೂ ಬಿಡದ ಬಂಡೆಯನ್ನು ಎರಡು ಹೋಳು ಮಾಡಿತು. ಹನುಮಿ ಅದನ್ನು ನೋಡುತ್ತಾ ಕೆಲಸವನ್ನೇ ಮರೆತು ಕೂತಳು. ಮೆತ್ತಗಿರುವವರ ಶಕ್ತಿ ಅವಳಿಗೆ ಅವತ್ತು ಅರ್ಥವಾಯಿತು.

ಇನ್ನು ಹೊಳೆ ತಂಗಿಯನ್ನು ಕೇಳಬೇಡಿ. ಅವಳಿಗೆ ಕಾಲು ನಿಲ್ಲದು, ಬಾಯಿಯೂ ನಿಲ್ಲದು. ಹೋಳುಗಳನ್ನೆಲ್ಲ ಉರುಳಿಸಿಕೊಂಡು, ಒಂದಕ್ಕೊಂದು ಉಜ್ಜಿಕೊಂಡು, ಗುಡುಗುಡು ಎಂದು ಬೀಸುತ್ತಾ ಇಳಿದಳು. ಮೇಲೆ ಮನೆ ಗಾತ್ರ ಇದ್ದದ್ದು ಬರುತ್ತಾ ಬರುತ್ತಾ ಕುಂಬಳಕಾಯಿ ಗಾತ್ರವಾಯಿತು, ಆಮೇಲೆ ನಿಂಬೆಹಣ್ಣು, ಆಮೇಲೆ ನುಚ್ಚು, ಆಮೇಲೆ ರವೆ. ಬಳಸಿ ಬಳಸಿ ಹರಿದು ಗುಡ್ಡಜ್ಜನ ನಡುವೆ ಒಂದು ಕಣಿವೆಯನ್ನೇ ಕೊರೆದಳು.

“ಅಜ್ಜ, ನೋವಾಗ್ತದಾ?” ಎಂದು ಹನುಮಿ ಆಗಾಗ ಕೂಗಿ ಕೇಳುತ್ತಿದ್ದಳು.

“ಕಚಗುಳಿ ಆಗ್ತದೆ” ಎನ್ನುತ್ತಿದ್ದ ಗುಡ್ಡಜ್ಜ. ಕೆಲವು ದಿನ ಏನೂ ಹೇಳುತ್ತಿರಲಿಲ್ಲ. ಆ ದಿನ ಅವಳೂ ಮತ್ತೆ ಕೇಳುತ್ತಿರಲಿಲ್ಲ.

ಚಳಿ ಬಿತ್ತು. ಕಡಲಕ್ಕಿಗಳು ಮರಳಿ ಬಂದವು, ನಗುತ್ತಾ ಬಂದವು.

“ಅಕ್ಕಾ, ಹಿಮದಜ್ಜಿ ಹೊರಟದ್ದು ಹೌದು. ಆದ್ರೆ ಅವಳ ನಡಿಗೆ ನೀನು ನೋಡಬೇಕು. ಇಡೀ ದಿನ ನಡೆದ್ರೆ ಒಂದು ಗೇಣು ದಾಟ್ತಾಳೆ. ‘ದಾರಿಗೆ ಅಡ್ಡ ನಿಂತ ದೊಡ್ಡ ಗುಡ್ಡ’ ಅಂತ ನಾವು ಹೇಳಿದ್ವಲ್ಲ? ಬಡಗಣದಲ್ಲಿ ಅವಳ ಮನೆ ಬಾಗಿಲಲ್ಲೇ ಒಂದು ದೊಡ್ಡ ಬೆಟ್ಟ ನಿಂತಿತ್ತು. ಇದೇ ಇರಬೇಕು ಅಂತ ಅಲ್ಲೇ ಕೂತು ಅರೆಯೂಕೆ ಶುರು ಮಾಡಿದ್ಲು.”

ಹನುಮಿ ನಕ್ಕುಬಿಟ್ಟಳು. “ಹೆಂಗೆ ಅರೀತಾಳೆ?”

“ಅವಳ ಮೈಯಡಿಗೆ ಕಲ್ಲು ಹರಳು ಅಂಟಿಕೊಂಡಿರ್ತದೆ. ಅದನ್ನ ಬೆಟ್ಟಕ್ಕೆ ಒತ್ತಿ ಮೆಲ್ಲಗೆ ಜಾರ್ತಾಳೆ. ಜಾರಿದಲ್ಲೆಲ್ಲ ಒರಳಿನ ಹಾಗೆ ಅಗಲ ಕಣಿವೆ. ಬೆಟ್ಟದ ತುದಿ ಈಟಿ ಹಾಗೆ ಚೂಪು. ಆನೆ ಗಾತ್ರದ ಕಲ್ಲನ್ನ ಮಗು ಎತ್ತಿದ ಹಾಗೆ ಮಡಿಲಲ್ಲಿ ಇಟ್ಕಂಡು ಹೋಗಿ, ಎಲ್ಲೋ ಬಯಲಲ್ಲಿ ಇಳಿಸಿ ಬರ್ತಾಳೆ. ಅವಳ ಕಾಲಬುಡದಿಂದ ಬರೂ ಹೊಳೆ ನೀರು ಅಕ್ಕಿ ರುಬ್ಬಿ ಕಲ್ಲು ತೊಳೆದ ನೀರಿನ ಹಾಗೆ ಬೆಳ್ಳಗೆ ಇರ್ತದೆ. ಹೋಗಿ ಹೇಳಬೇಕಾ, ತಪ್ಪು ಬೆಟ್ಟ ಅಂತ?”

ಆ ಬೆಟ್ಟದ ಕೆಳಗೂ ಜನ ಇರಬಹುದು ಎಂದು ಹನುಮಿಗೆ ಅನ್ನಿಸಿತು. ಅಲ್ಲಿಯೂ ಯಾರೋ ಒಬ್ಬಳು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಒಂದಿಷ್ಟು ನೆಲಕ್ಕಾಗಿ ಕಾಯುತ್ತಿರಬಹುದು.

“ಹೇಳಬೇಡಿ. ಅಲ್ಲೇ ಮಾಡ್ಲಿ. ಎಲ್ಲಿ ಮಾಡಿದ್ರೂ ಕೆಲಸವೇ” ಎಂದಳು. ಹಿಮದಜ್ಜಿ ಇವತ್ತಿಗೂ ಅಲ್ಲೇ ಇದ್ದಾಳೆ.

ಇತ್ತ ಮುಯ್ಯಾಳು ತಂದ ಮಣ್ಣು, ನುಚ್ಚು, ರವೆಯೆಲ್ಲ ಹೊಳೆಯ ಬಾಯಿಂದ ಕಡಲಿಗೆ ಸುರಿಯತೊಡಗಿತು. ಇನ್ನೇನು ನೆಲ ಏಳುತ್ತದೆ ಎಂದು ಹನುಮಿ ದಿನಾ ಬಗ್ಗಿ ನೋಡುವಳು. ಏನೂ ಇಲ್ಲ. ಅದೇ ನೀರು, ಅದೇ ಬಂಡೆ.

ಗುಡ್ಡಜ್ಜನ ನೆತ್ತಿ ತಗ್ಗುತ್ತಿತ್ತು. ಕಣಿವೆ ಆಳವಾಗುತ್ತಿತ್ತು. ಕೆಳಗೆ ಮಾತ್ರ ಒಂದು ಹಿಡಿಯೂ ನಿಲ್ಲುತ್ತಿರಲಿಲ್ಲ. ಹನುಮಿ ಜಗಲಿಯ ತುದಿಗೆ ಓಡಿದಳು. ಅಜ್ಜನನ್ನು ಒಡೆಸಿದ್ದಾಯಿತು, ಅವನು ಎಲ್ಲಿಗೆ ಹೋದ?

“ಕಡಲಣ್ಣ, ಅಜ್ಜನ್ನ ಎಲ್ಲಿ ಹಾಕ್ದೆ?”

“ಯಾರನ್ನ? ಆ ಕಸಾನಾ?” ಎಂದ ಕಡಲು. ಕಳೆದ ಸಲ ನಿಲ್ಲಿಸು ಅನ್ನಿಸಿಕೊಂಡಿದ್ದಕ್ಕೆ ಈ ಸಲ ತುಂಬ ಜಾಗ್ರತೆಯಿಂದ ಇದ್ದ. “ಹೊಳೆ ತಂದು ತಂದು ಸುರೀತಾಳೆ. ನಾನು ಗುಡಿಸಿ ಗುಡಿಸಿ ಆಳಕ್ಕೆ ಹಾಕ್ತೆ. ನಿನ್ನ ಅಂಗಳ ಚೊಕ್ಕ ಇಟ್ಟಿದ್ದೆ ಕಾಣು.”

ಹನುಮಿಗೆ ಅಳು ಬಂತು, ಕೋಪವೂ ಬಂತು. ಆದರೆ ಬೈಯಲು ಬಾಯಿ ಬರಲಿಲ್ಲ. ಅವನಿಗೆ ಹೇಳಿಕೊಟ್ಟವರು ಯಾರು? ಕುಟ್ಟುವುದು ಒಂದೇ ಗೊತ್ತಿದ್ದವನಿಗೆ ಕೇರುವುದನ್ನು ಯಾರೂ ಕಲಿಸಿರಲಿಲ್ಲ.

ಅವಳು ಮನೆಯೊಳಗಿನಿಂದ ಮೊರ ತಂದಳು. ಆಗ ತಾನೇ ಕುಟ್ಟಿದ ಅಕ್ಕಿಯನ್ನು ತೌಡು ಸಮೇತ ಅದರಲ್ಲಿ ಹಾಕಿಕೊಂಡಳು. ಸಾತಮ್ಮ ಬಳ್ಳಿಯನ್ನು ಅವಳ ಸೊಂಟಕ್ಕೆ ಕಟ್ಟಿ, ಇನ್ನೊಂದು ತುದಿಯನ್ನು ತನ್ನ ಸೊಂಟಕ್ಕೆ ಸುತ್ತಿಕೊಂಡು ಕಾಲು ಊರಿ ನಿಂತಳು. “ಹೋಗು. ನಾನು ಹಿಡ್ಕಂಡಿದ್ದೆ” ಎಂದಳು. ಹನುಮಿ ಮೆಲ್ಲ ಮೆಲ್ಲನೆ ನೀರಿನ ಹತ್ತಿರದ ತನಕ ಇಳಿದು, ಬಿದ್ದ ಬಂಡೆಯೊಂದರ ಮೇಲೆ ಕಾಲಿಟ್ಟು ನಿಂತಳು. ಕಡಲು ಎಷ್ಟು ದೊಡ್ಡದು ಎಂಬುದು ಅವಳಿಗೆ ಆಗಲೇ ತಿಳಿದದ್ದು. ಬೆನ್ನಲ್ಲಿ ಚೆನ್ನಿ ಕಣ್ಣರಳಿಸಿ ನೋಡುತ್ತಿದ್ದಳು.

“ಅಣ್ಣ, ಇಲ್ಲಿ ನೋಡು” ಎಂದಳು ಹನುಮಿ. “ಹಿಂಗೆ ಮೇಲೆ ಎತ್ತು. ಹಿಂಗೆ ಹಿಂದಕ್ಕೆ ಎಳೆ. ಹಗುರ ಇದ್ದದ್ದು ಹಾರಿ ಆಚೆ ಹೋಗ್ಲಿ. ಭಾರ ಇದ್ದದ್ದು ಮೊರದಲ್ಲೇ ಉಳೀಲಿ. ಎತ್ತು, ಎಳೆ. ಎತ್ತು, ಎಳೆ.”

ತೌಡು ಹಾರಿತು. ಅಕ್ಕಿ ಮೊರದ ಒಳಗೇ ಸರಸರ ಎಂದು ಮೇಲೆ ಹೋಗಿ ಕೆಳಗೆ ಬಂತು.

ಕಡಲು ಅಲ್ಲಾಡದೆ ನೋಡಿದ. ಅಷ್ಟು ದೊಡ್ಡವನು ಒಂದು ಮೊರವನ್ನು ಅಷ್ಟು ಶ್ರದ್ಧೆಯಿಂದ ನೋಡಿದ್ದನ್ನು ನೆನೆದರೆ ನನಗೆ ಈಗಲೂ ಪ್ರೀತಿ ಬರುತ್ತದೆ. ಆಮೇಲೆ ಅವನು ಮೆಲ್ಲನೆ ಒಂದು ಅಲೆ ಎತ್ತಿದ. ಎಳೆದ. ಇನ್ನೊಂದು ಎತ್ತಿದ. ಎಳೆದ. ಮೊದಮೊದಲು ಎಲ್ಲವೂ ಜಾರಿ ಹೋಯಿತು. “ಮೆಲ್ಲಗೆ ಅಣ್ಣ, ಕೈ ಹಗುರ ಬಿಡು” ಎನ್ನುತ್ತಾ ಹನುಮಿ ಜೊತೆಗೇ ಕೇರಿದಳು.

ನಿಧಾನಕ್ಕೆ ಕೈ ಹದಕ್ಕೆ ಬಂತು. ನುಣುಪು ಕೆಸರು ತೇಲಿ ದೂರ ಹೋಯಿತು. ಹೊಳೆಯುವ ಹರಳು ರವೆ ಹಿಂದೆ ಉಳಿಯಿತು. ಅಲೆ ಅದನ್ನು ಎತ್ತಿ ತಂದು ಬಂಡೆಯ ಬುಡದಲ್ಲಿ ಇಟ್ಟಿತು. ಮತ್ತೊಂದು ಅಲೆ ಅದರ ಮೇಲೆ ಇನ್ನಷ್ಟು ಇಟ್ಟಿತು. ಗಾಳಿಭಾವ ಅಷ್ಟು ಹೊತ್ತೂ ಎಲ್ಲಿದ್ದನೋ, ಈಗ ಬಂದು ಒಣಗಿದ್ದನ್ನು ಊದಿ ಊದಿ ಹಿಂದೆ ದಿಬ್ಬ ಮಾಡಿದ. “ಕೆಲಸ ಮುಗಿಯೂ ಹೊತ್ತಿಗೆ ಬರೂದು ನಿಂಗೆ ಚೆನ್ನಾಗಿ ಗೊತ್ತು ಭಾವ” ಎಂದು ಹನುಮಿ ಕೆಣಕಿದಳು. ಅವನು ಅವಳ ಸೆರಗು ಹಾರಿಸಿ ಓಡಿದ.

ಹಾಗೆ ಲೋಕದಲ್ಲಿ ಮೊದಲ ಮರಳು ಬಂತು. ಬಿಳಿ, ಕಂದು, ಕೆಂಪು, ನಡುನಡುವೆ ಒಂದೊಂದು ಕಪ್ಪು ಕಣ. ಎಲ್ಲವೂ ಗುಡ್ಡಜ್ಜನ ಮೈಯೇ. ನೀರಿನ ಅಂಚಿನುದ್ದಕ್ಕೂ ಅವನು ಕಾಲು ಚಾಚಿ ಕೂತಿದ್ದ. ಅಲೆ ಬಂದು ಅವನನ್ನು ತೋಯಿಸಿ ಹೋಗುತ್ತಿತ್ತು.

“ಹೆಂಗಿದೆ ಅಜ್ಜ?” ಎಂದು ಹನುಮಿ ಕೇಳಿದಳು.

“ತಂಪು” ಎಂದ ಗುಡ್ಡಜ್ಜ. ಈಗ ಅವನ ದನಿ ಆಳದಿಂದ ಬರಲಿಲ್ಲ. ಕಾಲಡಿಯಿಂದ ಸರಸರ ಎಂದು ಬಂತು. ಹನುಮಿ ಮಡಿಲಲ್ಲಿ ಜೋಪಾನ ಮಾಡಿದ್ದ ಮೊದಲ ಚಕ್ಕೆಯನ್ನು ಬಿಚ್ಚಿ ಆ ಮರಳ ಮೇಲಿಟ್ಟಳು.

ಜಟ್ಟಿ ದೋಣಿಯನ್ನು ಅಲೆಯ ಜೊತೆ ಬಿಟ್ಟ. ಹನುಮಿ ಬಂಡೆಗೆ ಬಡಿಯುತ್ತದೆಂದು ಕಣ್ಣು ಮುಚ್ಚಿದಳು. ಬಡಿಯಲಿಲ್ಲ. ಸರ್‍ರೆಂದು ಮರಳಿಗೆ ಮೂಗು ತೂರಿಸಿ ನಿಂತಿತು. ಅವನು ದೋಣಿಯ ಅಂಚು ಹಿಡಿದು ಇಳಿದ, ಹುಟ್ಟನ್ನು ಊರುಗೋಲು ಮಾಡಿಕೊಂಡ, ಮೂರು ಹೆಜ್ಜೆ ಇಡುವಷ್ಟರಲ್ಲಿ ಮೆತ್ತನೆ ನೆಲದಲ್ಲಿ ಕೂತುಬಿಟ್ಟ. ಅಂಥ ನೆಲದಲ್ಲಿ ಬಿದ್ದರೂ ನೋವಾಗುವುದಿಲ್ಲವೆಂದು ಮೊದಲು ತಿಳಿದವನು ಅವನೇ.

“ಏ ಚೆನ್ನಿ ಅಪ್ಪ, ಅಲ್ಲೇ ಇರಿ” ಎಂದಳು ಹನುಮಿ. “ನೀವು ಬರೂದು ಬೇಡ. ಅವಳು ಬರ್ತಾಳೆ.”

ಅವಳು ಸೀರೆಯ ಗಂಟು ಬಿಚ್ಚಿ ಮಗುವನ್ನು ಇಳಿಸಿದಳು. ಚೆನ್ನಿಯ ಪುಟ್ಟ ಪಾದ ಸಮನೆಲವನ್ನು ಮುಟ್ಟಿತು. ಕಾಲ್ಬೆರಳು ಮರಳೊಳಗೆ ಹೂತವು. ಅವಳು ಬಗ್ಗಿ ನೋಡಿದಳು, ಬೆರಳು ಆಡಿಸಿದಳು. ಆಮೇಲೆ ಒಂದು ಹೆಜ್ಜೆ. ಇನ್ನೊಂದು. ವಾಲಿದಳು, ನಿಂತಳು, ನಡೆದಳು. ಜಟ್ಟಿ ಎರಡೂ ಕೈ ಚಾಚಿದ್ದ. ಅವನ ಗಡ್ಡವೆಲ್ಲ ಒದ್ದೆಯಾಗಿತ್ತು, ಕಡಲ ನೀರಿನಿಂದ ಅಲ್ಲ. ಚೆನ್ನಿ ಹೋಗಿ ಅವನ ಎದೆಗೆ ಬಿದ್ದಳು. ಅವನು ಅವಳ ತಲೆ, ಬೆನ್ನು, ಅಂಗಾಲು ಒಂದೊಂದನ್ನೇ ಮುಟ್ಟಿ ಮುಟ್ಟಿ ನೋಡಿದ.

ಮೇಲಿನಿಂದ ಸಾತಮ್ಮ ಕೂಗಿದಳು. “ಹನುಮಿ, ತಂಬಿಗೆ. ಮುಯ್ಯಾಳು ಕಾಯ್ತಾ ಇದ್ದಾರೆ.”

ಹೌದಲ್ಲ. ಬುಟ್ಟಿಯಲ್ಲಿ ಇಳಿದು ಬಂದ ತಂಬಿಗೆಯನ್ನು ಹನುಮಿ ಎತ್ತಿಕೊಂಡಳು. ಬಿಸಿಲು, ಮಳೆ, ಹೊಳೆ, ಗಾಳಿ ಎಲ್ಲರೂ ಕೈ ಮುಂದೆ ಮಾಡಿಕೊಂಡು ನಿಂತಿದ್ದರು. ಎಲ್ಲರಿಗಿಂತ ಮುಂದೆ ಕಡಲಣ್ಣ. ಅವನೊಂದು ಸಣ್ಣ ಅಲೆಯನ್ನು ಚೆನ್ನಿಯ ಕಾಲ ತನಕ ಕಳಿಸಿ ಮೆಲ್ಲಗೆ ಕೇಳಿದ.

“ಸಾಕಾ?”

ಅಲೆ ಚೆನ್ನಿಯ ಪಾದ ತೋಯಿಸಿ, ಅಡಿಯ ಮರಳನ್ನು ಸರಕ್ಕನೆ ಎಳೆದುಕೊಂಡು ಹಿಂದೆ ಹೋಯಿತು. ಅವಳಿಗೆ ಕಚಗುಳಿಯಾಯಿತು. ಅಪ್ಪನ ಕೊರಳು ತಬ್ಬಿಕೊಂಡು ಕಿಲಕಿಲ ನಕ್ಕಳು. ‘ಸಾಕು, ಕೈ ತೊಳೀರಿ’ ಎನ್ನಲು ಹನುಮಿ ಬಾಯಿ ತೆರೆದಿದ್ದಳು. ಅಷ್ಟರಲ್ಲಿ, ಅಷ್ಟು ಮಳೆಗಾಲ ಒಂದು ಮಾತೂ ಆಡದಿದ್ದ ಮಗು ತನ್ನ ಮೊದಲ ಮಾತು ಆಡಿತು.

“ಇನ್ನೂ” ಎಂದಳು ಚೆನ್ನಿ.

ಮನೆಯವರೇ ಇನ್ನೂ ಎಂದ ಮೇಲೆ ಮುಯ್ಯಾಳು ಏಳುವುದುಂಟೆ? ಕಡಲು ಖುಷಿಯಿಂದ ಇನ್ನೊಂದು ಅಲೆ ಎತ್ತಿದ. ಬಿಸಿಲು, ಮಳೆ, ಹೊಳೆ, ಗಾಳಿ ಮತ್ತೆ ತಮ್ಮ ತಮ್ಮ ಕೆಲಸಕ್ಕೆ ಹೋದರು. ಮಗಳ ಮಾತು ಕೇಳಿದ ಸಂತೋಷದಲ್ಲಿ ಹನುಮಿಯ ಕೈಯಿಂದ ತಂಬಿಗೆ ಜಾರಿ ನೀರಿಗೆ ಬಿತ್ತು. ಅವಳಿಗದು ಗೊತ್ತಾಗಲೇ ಇಲ್ಲ.

ಚೆನ್ನಿ ಆ ಮರಳಿನಲ್ಲೇ ಬೆಳೆದು ದೊಡ್ಡವಳಾದಳು. ಅಂಗಳವೆಂದರೆ ಅಂಥ ಅಂಗಳ, ಓಡಿದಷ್ಟೂ ಮುಗಿಯದ್ದು. ಅಷ್ಟು ಚೆಂದದ ಕೆಲಸವನ್ನು ನಿಲ್ಲಿಸಿ ಎನ್ನಲು ಆಮೇಲೆ ಯಾರಿಗೂ ಮನಸ್ಸು ಬರಲಿಲ್ಲ.

ಅದಕ್ಕೇ ಗುಡ್ಡಗಳು ಇಂದಿಗೂ ಹಿಡಿ ಹಿಡಿಯಾಗಿ ಕಡಲಿಗೆ ಇಳಿದು ಬರುತ್ತಲೇ ಇವೆ. ನೀನು ಮರಳಿನಲ್ಲಿ ನಿಂತಾಗ ಅಲೆಯೊಂದು ಬಂದು ನಿನ್ನ ಪಾದ ಮುಟ್ಟಿ ಸಾಕಾ ಎಂದು ಕೇಳುತ್ತದೆ, ನೀನು ನಗುತ್ತೀಯ, ಅದು ಇನ್ನಷ್ಟು ತರಲು ಹಿಂದಕ್ಕೆ ಹೋಗುತ್ತದೆ.